ಗೀಜುಗರ ಕೊಂಬೆಗೆ ಬಂದ ಕಾವಲುಗಾರ

ಕಾಡಿನ ಕೆರೆಯ ಪಕ್ಕ ಒಂದು ಜಾಲಿಮರ. ನೀರಿನ ಮೇಲೆ ಚಾಚಿದ ಅದರ ಸಣ್ಣ ಸಣ್ಣ ಕೊಂಬೆಗಳ ತುದಿಯಲ್ಲಿ ಗೀಜುಗ ಹಕ್ಕಿಗಳ ಗೂಡುಗಳು ತೂಗುತ್ತಿದ್ದವು. ಪುಟ್ಟ ರಾಜ್ಯ, ಮಕ್ಕಳೇ, ಬರೀ ಒಂದು ಮರದಷ್ಟು. ಅದರ ದೊರೆ ಕೆಂಚಪ್ಪ ಒಳ್ಳೆಯವನೇ, ಆದರೆ ಮಹಾ ಪುಕ್ಕಲ.

ಗೂಡುಗಳಲ್ಲಿ ಮೊಟ್ಟೆಗಳಿದ್ದವು. ಆಚೆ ದಡದ ಕಾಗೆಗಳಿಗೆ ಅವುಗಳ ಮೇಲೇ ಕಣ್ಣು. ಕಾಗೆ ಕೂಗಿದರೆ ಸಾಕು, ಕೆಂಚಪ್ಪನ ಎದೆ ಡವಡವ ಅನ್ನುತ್ತಿತ್ತು. ಕೊನೆಗೆ ಯಾರನ್ನೂ ಕೇಳದೆ ಪಕ್ಕದ ಹುಣಸೆಮರಕ್ಕೆ, ಕೋತಿಗಳ ಯಜಮಾನನ ಹತ್ತಿರ ಹೋದ.

"ಮಾವ, ನಮಗೆ ನೀವೇ ದಿಕ್ಕು," ಅಂದ.

"ಅಷ್ಟೇ ತಾನೆ? ನಾಳೆಯಿಂದ ನಮ್ಮವರು ನಿಮ್ಮ ಕೊಂಬೆಗಳ ಮೇಲೇ ಕೂತು ಕಾಯುತ್ತಾರೆ," ಅಂದ ಯಜಮಾನ. ಪಾಪ, ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಕೆಂಚಪ್ಪ ಹಿಗ್ಗಿ ಹೀರೇಕಾಯಿಯಾಗಿ ಮರಳಿದ. ಸುದ್ದಿ ಕೇಳಿದ ಹಿರಿಯ ಹಕ್ಕಿ ಗಂಗಕ್ಕ ಮಾತ್ರ ನಗಲಿಲ್ಲ.

"ಗೂಡು ಕಟ್ಟೋರು ನೀವು ಗಂಡಸರು. ಅದನ್ನ ಜಗ್ಗಿ, ಎಳೆದು ನೋಡಿ ಒಪ್ಪೋರು ನಾವು ಹೆಂಗಸರು. ಕಾವಲನ್ನ ಮಾತ್ರ ನೋಡದೆ ಒಪ್ಪಿಬಿಟ್ಟೆಯಾ?"

"ಅವರು ದೊಡ್ಡವರು ಕಣಕ್ಕ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ."

"ಬೇಡ ಅನ್ನಬೇಡ. ಮೊದಲು ಒಬ್ಬನೇ ಬರಲಿ. ಮೊಟ್ಟೆಯಿಲ್ಲದ, ಅರ್ಧ ಕಟ್ಟಿದ ಗೂಡಿನ ಕೊಂಬೆ ಮೇಲೆ ಕೂರಲಿ."

ಕೆಂಚಪ್ಪ ಹಾಗೇ ಹೇಳಿಕಳಿಸಿದ. ಬೆಳಗ್ಗೆ ದಢೂತಿ ಕೋತಿಯೊಬ್ಬ ಬಂದ. ಕೂತನೋ ಇಲ್ಲವೋ, ಕೊಂಬೆ ಲಟಕ್ಕನೆ ಮುರಿಯಿತು. ಗೂಡಿನ ಸಮೇತ ಕಾವಲುಗಾರ ಕೆರೆಗೆ ಬಿದ್ದು, ಕೆಮ್ಮುತ್ತಾ ದಡ ಸೇರಿದ.

ಕೆಂಚಪ್ಪ ಮುರಿದ ಕೊಂಬೆಯತ್ತ ನೋಡಿದ. "ಎಲ್ಲ ಕೊಂಬೆಗಳ ಮೇಲೂ ಕೂತಿದ್ದರೆ ಅಷ್ಟೂ ಮೊಟ್ಟೆ ನೀರುಪಾಲಾಗುತ್ತಿತ್ತು," ಅಂದ.

"ಕಾಗೆ ಇಷ್ಟು ದಿನ ದೂರ ಇದ್ದದ್ದೂ ಅದಕ್ಕೇ. ಈ ಸಣಕಲು ಕೊಂಬೆ ಅದರ ಭಾರವನ್ನೂ ತಡೆಯೋದಿಲ್ಲ," ಅಂದಳು ಗಂಗಕ್ಕ.

ಕೆಂಚಪ್ಪ ನಾಚಿಕೆ ನುಂಗಿಕೊಂಡು ಮತ್ತೆ ಹುಣಸೆಮರಕ್ಕೆ ಹೋದ. "ಮಾವ, ನಿಮ್ಮ ಸ್ನೇಹ ಬೇಕು, ಭಾರ ಮಾತ್ರ ನಮ್ಮ ಕೊಂಬೆ ತಡೆಯದು. ಕಾಗೆ ಬಂದರೆ ಇಲ್ಲಿಂದಲೇ ಒಂದು ಕೂಗು ಹಾಕಿ. ಚಿರತೆ ನೀರಿಗೆ ಬಂದರೆ ನಾವು ಕೂಗಿ ಹೇಳುತ್ತೇವೆ."

ಯಜಮಾನ ತಲೆ ಕೆರೆದುಕೊಂಡು, ನಕ್ಕು, ಒಪ್ಪಿದ.

ಮರುದಿನ ಕಾಗೆಗಳ ಮುಖಂಡ ಬಂದು ದಡದಲ್ಲಿ ಇಳಿದ. "ಕೋತಿಗಳನ್ನ ನಂಬಬೇಡಪ್ಪ, ನಾವೇ ಬಂದು ಕಾಯುತ್ತೇವೆ," ಅಂದ ಸಿಹಿಯಾಗಿ.

ಕೆಂಚಪ್ಪನ ಎದೆ ಈಗಲೂ ಡವಡವ ಅನ್ನುತ್ತಿತ್ತು. ಆದರೂ ಅಂದ, "ನೀರು ಕುಡಿಯೋಕೆ ಬನ್ನಿ, ದಡದಲ್ಲೇ ಕೂತು ಮಾತಾಡೋಣ. ಕೊಂಬೆ ಮೇಲೆ ಮಾತ್ರ ಯಾರಿಗೂ ಜಾಗ ಇಲ್ಲ."

ಆ ವಾರವೇ ಮೊಟ್ಟೆಯೊಡೆದು ಮರಿಗಳು ಹೊರಬಂದವು. ಜಾಲಿಮರದ ತುಂಬ ಮರಿಗಳ ಚಿಲಿಪಿಲಿ.

ನೀತಿ: ಚಿಕ್ಕವರಿಗೆ ಎಲ್ಲರ ಸ್ನೇಹವೂ ಬೇಕು; ಆದರೆ ಭಯಕ್ಕೆ ಬಿದ್ದು ಬಲಶಾಲಿಯನ್ನು ಮನೆಯೊಳಗೆ ಕೂರಿಸಿಕೊಂಡರೆ ಅವನ ಭಾರಕ್ಕೆ ಮನೆಯೇ ಮುರಿದೀತು.