ಬಿಡುಗಂಟೆ

“ಸ್ವಾಮಿ, ದೇವರ ಜ್ಞಾನ ಬೇಕು ಅನ್ನುವವನು ಮಂಡಿಯೂರಬೇಕೋ, ಎದ್ದು ಓಡಾಡಬೇಕೋ?”

ಕೇಳಿದವನು ಇನ್ನಾಸಪ್ಪ. ಪಾದ್ರಿಗಳಿಲ್ಲದ ಹಳ್ಳಿಗಳಲ್ಲಿ ಜನರಿಗೆ ಜಪ ಹೇಳಿಸಿ ಧರ್ಮಪಾಠ ಕಲಿಸುವ ಉಪದೇಶಿಯ ಕೆಲಸಕ್ಕೆ ಅವನು ಪಾದ್ರಿ ಅರುಳಪ್ಪ ಸ್ವಾಮಿಗಳ ಕೈಕೆಳಗೆ ತಯಾರಾಗುತ್ತಿದ್ದ. ಅವನ ಪ್ರಶ್ನೆಯ ಹಿಂದೆ ಒಂದು ದೂರಿತ್ತು. ಸ್ವಾಮಿಗಳು ದಿನಾ ಅವನನ್ನು ಕಾಯಿಲೆಯವರ ಮನೆಗಳಿಗೆ ಅಟ್ಟುತ್ತಿದ್ದರು. ಒಬ್ಬರ ಹಾಸಿಗೆ ಬದಲಿಸಿ, ಇನ್ನೊಬ್ಬರಿಗೆ ಗಂಜಿ ಕುಡಿಸಿ ಬರುವಷ್ಟರಲ್ಲಿ ಚರ್ಚಿನಲ್ಲಿ ಆರಾಧನೆ ಮುಗಿದಿರುತ್ತಿತ್ತು. ಪ್ರಾರ್ಥನೆಗೆ ಕೂರದವನಿಗೆ ಜ್ಞಾನ ಎಲ್ಲಿಂದ ಬರಬೇಕು ಎಂದು ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಸ್ವಾಮಿಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಆ ಊರಿಗೆ ಚರ್ಚಿತ್ತು, ಪಾದ್ರಿಗಳಿರಲಿಲ್ಲ. ಅವರು ಭಾನುವಾರ ಹೊಳೆಯಾಚೆಯಿಂದ ದೋಣಿಯಲ್ಲಿ ಬಂದು ಪೂಜೆ ಮುಗಿಸಿ ಹಿಂದಿರುಗುತ್ತಿದ್ದರು. ಉಳಿದ ದಿನಗಳಲ್ಲಿ ಊರಿಗೆ ಜಪ ಹೇಳಿಸುತ್ತಿದ್ದವನು ಈ ದರ್ಜಿಯೇ. ಕಂಠ ಗಟ್ಟಿಯಾಗಿತ್ತು. ಪ್ರಾರ್ಥನೆಗಳೆಲ್ಲ ಬಾಯಿಪಾಠವಾಗಿದ್ದವು. ಮಂಡಿಯೂರಿ ಕೂತನೆಂದರೆ ಸೊಳ್ಳೆ ಕಚ್ಚಿದರೂ ಅಲುಗಾಡುತ್ತಿರಲಿಲ್ಲ. ತಾನು ಅಲುಗಾಡುವುದಿಲ್ಲ ಎನ್ನುವುದು ಊರಿಗೆ ಗೊತ್ತಿದ್ದುದಕ್ಕಿಂತ ಅವನಿಗೇ ಸ್ವಲ್ಪ ಹೆಚ್ಚು ಗೊತ್ತಿತ್ತು.

ಆದರೂ ಅವನು ಕಪಟಿಯಲ್ಲ. ದೇವರ ಹತ್ತಿರ ಹೊಲ ಕೇಳಲಿಲ್ಲ, ಮನೆ ಕೇಳಲಿಲ್ಲ. ಬೆಳಿಗ್ಗೆ ಎದ್ದು ಬೇಡುತ್ತಿದ್ದುದು ಒಂದನ್ನೇ. ‘ಪ್ರಭುವೇ, ನನಗೆ ಜ್ಞಾನ ಕೊಡು. ನಿನ್ನ ಮನಸ್ಸಿನಲ್ಲಿ ಏನಿದೆಯೆಂದು ನನಗೆ ತಿಳಿಸು.’ ಇದನ್ನು ಅವನು ಮನಸಾರೆ ಬೇಡುತ್ತಿದ್ದ. ಕತೆ ಕೇಳುವಾಗ ಅವನನ್ನು ಕೆಟ್ಟವನೆಂದು ತಳ್ಳಿಹಾಕಿ ನೀನು ಹಗುರಾಗಬೇಡ.

ಆ ಊರಿನ ಗಂಟೆ ಎರಡು ಮಾತು ಆಡುತ್ತಿತ್ತು. ಬೆಂಕಿ ಬಿದ್ದರೆ, ಹೊಳೆ ಉಕ್ಕಿದರೆ, ಯಾರಾದರೂ ಬಾವಿಗೆ ಬಿದ್ದರೆ ಗಂಟೆಯನ್ನು ಪುರುಸೊತ್ತಿಲ್ಲದಂತೆ ಹೊಡೆಯುತ್ತಿದ್ದರು. ಅದಕ್ಕೆ ಓಡುಗಂಟೆ ಎಂದು ಹೆಸರು. ಕೇಳಿದವರು ಕೈಯಲ್ಲಿದ್ದುದನ್ನು ಬಿಸುಟು ಓಡಿಬರಬೇಕು. ಯಾರಿಗಾದರೂ ಪ್ರಾಣ ಹೋಗುತ್ತಿದ್ದರೆ ಒಂದು ಏಟು ಹೊಡೆದು, ಅದರ ದನಿ ಪೂರ್ತಿ ಅಡಗಿದ ಮೇಲೆ ಇನ್ನೊಂದು ಏಟು ಹೊಡೆಯುತ್ತಿದ್ದರು. ಅದು ಬಿಡುಗಂಟೆ. ಕೇಳಿದವರು ಇದ್ದಲ್ಲೇ ಮಂಡಿಯೂರಿ, ಹೋಗುತ್ತಿರುವ ಆತ್ಮಕ್ಕಾಗಿ ಜಪಮಾಲೆ ಹೇಳಬೇಕು. ಗಂಟೆ ನಿಲ್ಲುವ ತನಕ ಏಳಬಾರದು. ಹಿಂದೆ ಯಾವುದೋ ಕಾಲದಲ್ಲಿ ಇದ್ದ ಪಾದ್ರಿಯೊಬ್ಬರು ಹೀಗೆ ಕಲಿಸಿ ಹೋಗಿದ್ದರು. ಊರಿನಲ್ಲಿ ಯಾರೂ ಒಂಟಿಯಾಗಿ ಸಾಯಬಾರದು ಎಂಬುದು ಅವರ ಆಸೆ. ಒಳ್ಳೆಯ ಆಸೆಯೇ. ಊರು ಅದನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದಿತ್ತು.

ಗಂಟೆ ಹೊಡೆಯುವವನನ್ನು ಎಲ್ಲರೂ ಗಂಟೆಯಣ್ಣ ಎನ್ನುತ್ತಿದ್ದರು. ಚರ್ಚು ಗುಡಿಸುವುದು, ದೀಪಕ್ಕೆ ಎಣ್ಣೆ ಹಾಕುವುದು, ಗೋರಿ ತೋಡುವುದು ಎಲ್ಲ ಅವನೇ. ಅವನೂ ಅವನ ಹೆಂಡತಿಯೂ ಚರ್ಚಿನ ಹಿಂದಿನ ಗುಡಿಸಲಿನಲ್ಲಿದ್ದರು. ಚರ್ಚು ಊರ ಹೊರಗೆ, ದಿನ್ನೆಯ ಮೇಲೆ. ಅಲ್ಲಿಗೆ ಇದ್ದದ್ದು ಒಂದೇ ದಾರಿ, ಆ ದಾರಿಯ ಕೊನೆಯ ಮನೆ ದರ್ಜಿಯದು. ಯಾರ ಮನೆಯಲ್ಲಿ ಜೀವ ಹೋಗುತ್ತಿದ್ದರೂ ಗಂಟೆಯಣ್ಣನಿಗೆ ಸುದ್ದಿ ಮುಟ್ಟಿಸುವವರು ದರ್ಜಿಯ ಜಗಲಿಯ ಮುಂದೆಯೇ ಹಾದುಹೋಗಬೇಕಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ದರ್ಜಿ ಮದುವೆಯ ಅಂಗಿಯೊಂದಕ್ಕೆ ಕಾಜ ಹೊಲಿಯುತ್ತಿದ್ದ. ಗಂಟೆಯ ಒಂದು ಏಟು ಕೇಳಿಸಿತು. ಸೂಜಿ ಹಿಡಿದ ಕೈ ನಿಂತಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಏಟು ಬಿತ್ತು. ಬಿಡುಗಂಟೆ. ಅವನು ಅಂಗಿಯನ್ನು ಮಡಿಸಿಟ್ಟು, ಗೋಡೆಯ ಮೊಳೆಗೆ ನೇತುಹಾಕಿದ್ದ ಜಪಮಾಲೆಯನ್ನು ತೆಗೆದುಕೊಂಡು ಮಂಡಿಯೂರಿದ. ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಅವನ ಹೆಂಡತಿಯೂ ಮೊರ ಇಟ್ಟು ಒಳಗೆ ಬಂದಳು. ಅವಳೂ ಮಂಡಿಯೂರಿದಳು. ಆದರೆ ಅವಳ ಮನಸ್ಸು ಜಪದಲ್ಲಿ ನಿಲ್ಲಲಿಲ್ಲ.

“ಅಲ್ಲಾ, ಯಾರ್ಗೆ ಜೀವ ಹೋಯ್ತಿರೋದು? ಬೆಳಿಗ್ಗಿಂದ ಜಗಲಿ ಮ್ಯಾಲೇ ಕುಂತಿವ್ನಿ. ಗಂಟೆಯಣ್ಣಂಗೆ ಹೇಳಾಕೆ ಒಂದು ನರಪಿಳ್ಳೆನೂ ಈ ಕಡೆ ಬರ್ನಿಲ್ಲ.”

“ಜಪದ ನಡುವೆ ಮಾತಾಡ್ಬಾರ್ದು.”

“ಒಸಿ ಎದ್ದೋಗಿ ನೋಡ್ಕಂಡು ಬನ್ನಿ. ಇಲ್ಲೇ ಐತಲ್ಲ ಚರ್ಚು.”

“ಗಂಟೆ ನಿಲ್ಲೋ ತನ್ಕ ಏಳಂಗಿಲ್ಲ ಅಂತ ನಿಂಗೊತ್ತಿಲ್ವಾ? ಸುಮ್ಕೆ ಜಪ ಹೇಳು.”

ಅವಳು ಬಾಯಿ ಮುಚ್ಚಿದಳು. ಗಂಡನ ಭಕ್ತಿಯ ಮುಂದೆ ತನ್ನ ಬುದ್ಧಿ ಎಷ್ಟರದು ಎಂದು ಅವಳಿಗೆ ಅನ್ನಿಸಿತು. ಅವಳಿಗೆ ಹಾಗೆ ಅನ್ನಿಸುವಂತೆ ದರ್ಜಿಯೇ ಇಷ್ಟು ವರ್ಷ ನೋಡಿಕೊಂಡಿದ್ದ.

ಅವಳ ಮಾತು ಅವನಿಗೆ ನಾಟದೆ ಇರಲಿಲ್ಲ. ಹೌದಲ್ಲ, ಯಾರೂ ಬರಲಿಲ್ಲ, ಊರಿನಲ್ಲಿ ಯಾರೂ ಹಾಸಿಗೆ ಹಿಡಿದಿಲ್ಲ ಎಂದು ಅವನಿಗೂ ಹೊಳೆಯಿತು. ಒಂದು ಮಂಡಿ ನೆಲದಿಂದ ಮೇಲೂ ಎದ್ದಿತು. ಅಷ್ಟರಲ್ಲಿ ಅವನು ತನ್ನನ್ನು ತಾನೇ ಗದರಿಸಿಕೊಂಡ. ಜಪ ಕೆಡಿಸಲು ಸೈತಾನ ಇಂಥ ಹೊತ್ತನ್ನೇ ಕಾಯುತ್ತಾನೆ, ಎಬ್ಬಿಸಲು ನೋಡುತ್ತಾನೆ ಎಂದು ಊರಿಗೆಲ್ಲ ಹೇಳಿಕೊಟ್ಟವನು ಅವನೇ. ಮೇಲೆದ್ದ ಮಂಡಿಯನ್ನು ಮತ್ತೆ ನೆಲಕ್ಕೂರಿ, ಕಣ್ಣು ಬಿಗಿಯಾಗಿ ಮುಚ್ಚಿ, ದನಿಯನ್ನು ಇನ್ನಷ್ಟು ಏರಿಸಿದ.

ಊರೆಲ್ಲ ಮಂಡಿಯೂರಿತ್ತು. ಹೊಲದಲ್ಲಿದ್ದವರು ಹೊಲದಲ್ಲಿ, ಬಾವಿಕಟ್ಟೆಯಲ್ಲಿದ್ದವರು ಬಾವಿಕಟ್ಟೆಯಲ್ಲಿ. ಗಂಟೆಯ ಏಟುಗಳ ನಡುವಿನ ಬಿಡುವು ದೊಡ್ಡದಾಗುತ್ತ ಹೋಯಿತು. ದರ್ಜಿಗೆ ಅವತ್ತು ಜಪ ಎಂದೂ ಇಲ್ಲದಷ್ಟು ಕೂಡಿಬಂತು. ಕಣ್ಣಲ್ಲಿ ನೀರಾಡಿತು. ಯಾರೆಂದು ಗೊತ್ತಿಲ್ಲದ ಒಂದು ಜೀವಕ್ಕಾಗಿ ಅವನ ಎದೆ ನಿಜವಾಗಿಯೂ ಕರಗಿತು. ಒಂದು ಜಪಮಾಲೆ ಮುಗಿಯಿತು, ಗಂಟೆ ನಿಲ್ಲಲಿಲ್ಲ. ಅವನು ಇನ್ನೊಂದನ್ನು ಶುರುಮಾಡಿದ. ಅದು ಅರ್ಧಕ್ಕೆ ಬಂದಾಗ ಗಂಟೆ ನಿಂತಿತು.

ಆತ್ಮ ದೇವರ ಪಾದ ಸೇರಿತು ಎಂದುಕೊಂಡು ಅವನು ಎದ್ದ. ಯಾರ ಮನೆಗೆ ಹೋಗಿ ಜಪ ಹೇಳಿಸಬೇಕು ಎಂದು ಕೇಳಲು ದಿನ್ನೆ ಹತ್ತಿದ.

ಚರ್ಚಿನ ಬಾಗಿಲು ತೆರೆದಿತ್ತು. ಗಂಟೆಯ ಗೂಡಿನ ಕೆಳಗೆ ಏಣಿ ಮುರಿದು ಬಿದ್ದಿತ್ತು. ಗೋಡೆಯಲ್ಲಿ ಹುಟ್ಟಿದ್ದ ಅರಳಿ ಗಿಡವನ್ನು ಕಡಿಯಲು ಗಂಟೆಯಣ್ಣ ಮಚ್ಚು ಹಿಡಿದು ಮೇಲೆ ಹತ್ತಿದ್ದ. ಬೀಳುವಾಗ ಮಚ್ಚು ಅವನ ತೊಡೆಯನ್ನು ಸೀಳಿತ್ತು. ಹೆಗಲ ಮೇಲಿನ ವಸ್ತ್ರವನ್ನು ಅವನೇ ತೊಡೆಗೆ ಬಿಗಿದುಕೊಂಡಿದ್ದ. ಅದು ರಕ್ತವನ್ನು ತಡೆದಿರಲಿಲ್ಲ. ಬಿದ್ದಲ್ಲಿಂದ ಹಗ್ಗದ ತನಕ ಅವನು ತೆವಳಿದ ಗುರುತು ನೆಲದ ಮೇಲಿತ್ತು. ಹಗ್ಗ ಅವನ ಮಣಿಕಟ್ಟಿಗೆ ಸುತ್ತಿಕೊಂಡಿತ್ತು. ಮೈ ಇನ್ನೂ ಬೆಚ್ಚಗಿತ್ತು.

ಅವನು ಓಡುಗಂಟೆ ಹೊಡೆಯಲೆಂದೇ ಹಗ್ಗ ಹಿಡಿದಿದ್ದ. ಮಲಗಿಕೊಂಡು ಒಂದು ಕೈಯಲ್ಲಿ ಅಷ್ಟು ದೊಡ್ಡ ಗಂಟೆಯನ್ನು ಆಡಿಸುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಒಂದು ಏಟು ಹೊಡೆದು, ಉಸಿರು ಕೂಡಿಸಿಕೊಂಡು, ಇನ್ನೊಂದು ಏಟು ಹೊಡೆದಿದ್ದ. ಅವನು ಉಸಿರು ಕೂಡಿಸಿಕೊಂಡ ಹೊತ್ತನ್ನು ಊರು ಬಿಡುಗಂಟೆ ಎಂದುಕೊಂಡಿತ್ತು. ತಾನು ಹೊಡೆಯುತ್ತಿರುವುದು ಊರಿಗೆ ಹೇಗೆ ಕೇಳಿಸುತ್ತಿದೆ ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಎಲ್ಲರೂ ಮಂಡಿಯೂರಿದ್ದಾರೆ, ನಿಲ್ಲಿಸುವ ತನಕ ಏಳುವುದಿಲ್ಲ ಎಂದು ತಿಳಿದವನು ಅವನು. ನಿಲ್ಲಿಸಿದರೆ ಮತ್ತೆ ಹೊಡೆಯಲು ಆಗುವುದಿಲ್ಲ ಎಂದೂ ತಿಳಿದವನು. ಕೂಗಿಯೂ ನೋಡಿರಬೇಕು. ದರ್ಜಿಯ ಜಪದ ದನಿ ಗಟ್ಟಿಯಾಗಿತ್ತು.

ಜನ ಬಂದು ಸೇರಿದರು. ಆಮೇಲೆ ಹಿರಿಯನೊಬ್ಬ, ಎಂಥ ಪುಣ್ಯದ ಸಾವು, ಇಡೀ ಊರು ಮಂಡಿಯೂರಿ ಕಳಿಸಿಕೊಟ್ಟಿತು ಎಂದ. ಎಲ್ಲರೂ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸಂಜೆಯಾಗುವಷ್ಟರಲ್ಲಿ ಅವರಿಗೆ ಅದರ ಮೇಲೆ ನಂಬಿಕೆಯೂ ಬಂದಿತ್ತು. ದರ್ಜಿಯೂ ನಂಬಲು ನೋಡಿದ.

ಗಂಟೆಯಣ್ಣನ ಹೆಂಡತಿ ಮಗಳ ಬಾಣಂತನಕ್ಕೆಂದು ಹೊಳೆಯಾಚೆ ಹೋಗಿದ್ದಳು. ಸುದ್ದಿ ತಿಳಿದು ಭಾನುವಾರ ಪಾದ್ರಿಗಳ ದೋಣಿಯಲ್ಲೇ ಬಂದಳು. ಹೆಣದ ಮುಂದೆ ಕೂತು, ಅಳು ಒಂದಿಷ್ಟು ಇಳಿದ ಮೇಲೆ, ದರ್ಜಿಯ ಕಡೆ ತಿರುಗಿದಳು.

“ಅಣ್ಣಾ, ನಮ್ಮೋರು ಹೋಗುವಾಗ ಹತ್ರ ಯಾರಿದ್ರು?”

“ಇಡೀ ಊರೇ ಮಂಡಿಯೂರಿತ್ತು ಕಣವ್ವಾ. ಒಂದೂವರೆ ಜಪಮಾಲೆ ಹೇಳಿದ್ವಿ.”

ಅವಳು ಅವನ ಮುಖವನ್ನೇ ನೋಡಿದಳು.

“ಅಷ್ಟೊತ್ತು ಬದುಕಿದ್ರಾ?”

ಅವಳು ಚುಚ್ಚಲು ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳಿದ್ದಳು.

ಮಣ್ಣು ಮಾಡಿದ ಮೇಲೆ ಅವನು ಪಾದ್ರಿಗಳ ಹಿಂದೆ ಹೊಳೆಯ ತನಕ ನಡೆದು, ಹೆಂಡತಿ ಆಡಿದ ಮಾತು, ತಾನು ಆಡಿದ ಮಾತು ಎಲ್ಲವನ್ನೂ ಹೇಳಿದ. ಪಾದ್ರಿಗಳು ಮೃದುವಾದ ಮನುಷ್ಯ. ಅವನ ಬೆನ್ನು ತಟ್ಟಿ, ಪ್ರಾರ್ಥನೆಯಿಂದ ಏಳದೆ ಇದ್ದುದು ಯಾವ ಕಟ್ಟಳೆಯಲ್ಲೂ ಪಾಪವಲ್ಲ ಎಂದರು. ನಿಜ, ಯಾವ ಕಟ್ಟಳೆಯಲ್ಲೂ ಅದು ಪಾಪವಲ್ಲ. ಬೈಸಿಕೊಳ್ಳಲು ಹೋದವನು ಆಶೀರ್ವಾದ ಪಡೆದು ಹಿಂದಿರುಗಿದ. ಆ ಆಶೀರ್ವಾದದಿಂದ ಅವನಿಗೆ ಒಂದು ದಿನದ ನಿದ್ದೆಯೂ ಸಿಗಲಿಲ್ಲ.

ಊರು ಗಂಟೆಯಣ್ಣನನ್ನು ಮರೆಯಲಿಲ್ಲ. ಪ್ರತಿವರ್ಷ ಅವನು ಸತ್ತ ದಿನ, ಅದೇ ಹೊತ್ತಿಗೆ, ಬಿಡುಗಂಟೆ ಹೊಡೆಸುವ ಕ್ರಮ ಮಾಡಿತು. ಎಲ್ಲರೂ ಇದ್ದಲ್ಲೇ ಮಂಡಿಯೂರುತ್ತಿದ್ದರು. ಸರಿಯಾಗಿ ಒಂದೂವರೆ ಜಪಮಾಲೆ ಹೇಳುತ್ತಿದ್ದರು, ಒಂದು ಮಣಿ ಹೆಚ್ಚಿಲ್ಲ, ಒಂದು ಮಣಿ ಕಮ್ಮಿಯಿಲ್ಲ. ದರ್ಜಿಗೆ ಮಾತ್ರ ಅದು ಆಗುತ್ತಿರಲಿಲ್ಲ. ಮೊದಲ ಏಟು ಬಿದ್ದೊಡನೆ ಅವನು ಎದ್ದು, ಬರಿಗಾಲಿನಲ್ಲಿ, ಕೂಗಿಕೊಂಡು ದಿನ್ನೆಯ ಕಡೆ ಓಡುತ್ತಿದ್ದ. ಪಾಪ, ತಲೆ ಕೆಟ್ಟಿದೆ ಎಂದು ಊರಿನವರು ಮರುಗಿದರು. ಮಂಡಿಯೂರಿ ಅವನಿಗಾಗಿಯೂ ಪ್ರಾರ್ಥಿಸಿದರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಇನ್ನಾಸಪ್ಪನಿಗೆ ಆ ಊರಿನ ಮೇಲೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು.

“ಅಷ್ಟು ಜನ ಮನಸಾರೆ ಬೇಡಿಕೊಂಡರಲ್ಲ ಸ್ವಾಮಿ. ಆ ಹೊತ್ತಿನಲ್ಲಿ ದೇವರು ಏನು ಮಾಡುತ್ತಿದ್ದ?”

“ಹಗ್ಗ ಎಳೆಯುತ್ತಿದ್ದ,” ಎಂದರು ಸ್ವಾಮಿಗಳು.