ಕುತ್ತಿಗೆ ನಿಲ್ಲದ ಕೂಸು

ಪೂಜ್ಯ ಮುಕ್ತಾಂಬಿಕೆ ತಾಯಿಯವರ ಮಠವೆಂದರೆ ಹೆಂಚು ಹೊದೆಸಿದ ಎರಡು ಅಂಕಣದ ಮನೆ, ಅಷ್ಟೇ. ಹೊಲದ ಕೂಲಿಗೆ ಹೋಗುವ ಹೆಣ್ಣುಮಕ್ಕಳು ತಮ್ಮ ಹಸುಗೂಸುಗಳನ್ನು ತಾಯಿಯವರ ಹತ್ತಿರ ಬಿಟ್ಟು ಹೋಗುತ್ತಿದ್ದರು. ಶನಿವಾರ ಶಾಲೆ ಬಿಟ್ಟೊಡನೆ ಊರಿನ ಹುಡುಗ ಹುಡುಗಿಯರು ಯಾರೂ ಕರೆಯದೆ ಬಂದು ತೊಟ್ಟಿಲು ತೂಗುತ್ತಿದ್ದರು, ಅಳುವ ಕೂಸನ್ನು ಎತ್ತಿ ಆಡಿಸುತ್ತಿದ್ದರು.

ಶಾಲೆಯ ಚನ್ನಮಲ್ಲಪ್ಪ ಮಾಸ್ತರರಿಗೆ ಇದು ಸರಿಬರಲಿಲ್ಲ. ಕೋಪ ಅವರಿಗೆ ಮೂಗಿನ ತುದಿಯಲ್ಲೇ. ಒಂದು ಶನಿವಾರ ಮಕ್ಕಳನ್ನು ಎಳೆದೊಯ್ಯಲೆಂದೇ ಬಂದು ಹೊಸ್ತಿಲಲ್ಲಿ ನಿಂತು ಕೇಳಿದರು: "ಅವ್ವಾರ, ಪಾಟಿ ಪುಸ್ತಕ ಬಿಟ್ಟು ಕೂಸು ಎತ್ಕೊಂಡು ಕುಂತ್ರ ಇವಕ್ಕ ಏನ್ ವಿದ್ಯಾ ಬರತೈತ್ರಿ?"

ತಾಯಿಯವರು ಮಡಿಲಲ್ಲಿದ್ದ ಎರಡು ತಿಂಗಳ ಕೂಸನ್ನು ಅವರತ್ತ ಚಾಚಿದರು. ಮಾಸ್ತರರು ಗಾಬರಿಯಿಂದ ಹಿಂದೆ ಸರಿದರು.

"ಬ್ಯಾಡ್ರೀ ಅವ್ವಾರ, ಅದರ ಕುತ್ತಿಗಿ ಇನ್ನೂ ನಿಂತಿಲ್ಲ."

ಆಗ ನಾಲ್ಕನೆಯ ಇಯತ್ತೆಯ ಫಕೀರವ್ವ ಮುಂದೆ ಬಂದಳು. ಮಗ್ಗಿ ಬಾರದೆ ಮಾಸ್ತರರಿಂದ ದಿನಾಲು ಪೆಟ್ಟು ತಿನ್ನುವ ಹುಡುಗಿ. ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು, ಕೂಸಿನ ತಲೆಯ ಕೆಳಗೆ ಒಂದು ಕೈ ಕೊಟ್ಟು ಎತ್ತಿಕೊಂಡಳು.

"ಅಂಜಬ್ಯಾಡ್ರಿ ಸರ. ಕುತ್ತಿಗಿ ನಿಲ್ಲೂತನಾ ನಮ್ಮ ಕೈನ ಅದರ ಕುತ್ತಿಗಿ."

ಮಾಸ್ತರರ ಮುಖ ಬಿಳಿಚಿತು. ಹದಿನಾರು ವರ್ಷಗಳ ಹಿಂದೆ ಅವರ ಹೆಂಡತಿ ಶಿವಗಂಗವ್ವ ಚೊಚ್ಚಲ ಮಗನನ್ನು ಮುಂದೆ ಹಿಡಿದು "ಒಮ್ಮೆರೆ ಎತ್ಕೊಳ್ರೀ" ಎಂದು ಎಷ್ಟು ಸಲ ಬೇಡಿದ್ದಳು! "ಕುತ್ತಿಗಿ ನಿಲ್ಲಲಿ, ತಡಿ" ಎನ್ನುತ್ತಲೇ ಇವರು ದಿನ ದೂಡಿದ್ದರು. ಅದು ನಿಲ್ಲುವ ಮೊದಲೇ ಮೂರು ದಿನದ ಜ್ವರಕ್ಕೆ ಮಗು ಹೋಯಿತು. ಮಣ್ಣಿಗೆ ಒಯ್ಯುವಾಗಲೇ ಅವರು ಮಗನನ್ನು ಮೊದಲ ಸಲ ಎತ್ತಿಕೊಂಡದ್ದು. ಆಮೇಲೆ ಆ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ.

ಇಷ್ಟನ್ನು ಅವರು ತೊದಲುತ್ತ ಹೇಳಿ ಮುಗಿಸುವವರೆಗೂ ತಾಯಿಯವರು ತಲೆ ತಗ್ಗಿಸಿ ಕೇಳಿದರು. ಆಮೇಲೆ ಮೆಲ್ಲಗೆ ಅಂದರು: "ಆಗ ನಿಮಗ ಕಲಿಸಾವ್ರು ಯಾರೂ ಇರಲಿಲ್ಲ, ಮಾಸ್ತರ. ಈಗ ಅದಾರ. ಕುಂದ್ರಿ."

ಮಾಸ್ತರರು ಬರಿ ನೆಲದ ಮೇಲೆ ಕುಳಿತರು. ಫಕೀರವ್ವ ಹೇಳಿದಂತೆ ಅಂಗೈ ತಿಕ್ಕಿಕೊಂಡರು. 'ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ' ಎಂದು ವರ್ಷ ವರ್ಷವೂ ಮಕ್ಕಳಿಂದ ಕಾಪಿ ಬರೆಸಿದವರು, ಕೂಸು ಕೈಗೆ ಬಂದೊಡನೆ ಅದೇ ಮಕ್ಕಳೆದುರು ಬಿಕ್ಕಿ ಬಿಕ್ಕಿ ಅತ್ತರು. ಯಾವ ಮಗುವೂ ನಗಲಿಲ್ಲ.

ಮುಂದಿನ ಶನಿವಾರ ಅವರು ಶಿವಗಂಗವ್ವನನ್ನೂ ಮಠಕ್ಕೆ ಕರೆತಂದರು. ಆಕೆಯ ಎದುರಿಗೆ ಅದೇ ಕೂಸನ್ನು ಎತ್ತಿಕೊಂಡು ನಿಂತರು. ಕೂಸಿನ ತಲೆಯ ಕೆಳಗಿದ್ದ ಗಂಡನ ಕೈಯನ್ನು ಆಕೆ ಬಹಳ ಹೊತ್ತು ನೋಡಿದಳು.

"ಬರೇ ಇಷ್ಟ ಇತ್ತಲ್ರೀ" ಅಂದಳು.