ನಾಲ್ಕು ಬೆರಳಿನ ಅಂತರ

"ಬುದ್ಧಿ, ಗಾಲಿಗೆ ಕಲ್ಲು ತಾಗದ ಹಾಗೆ ಕಾಯುವುದು ಹೇಗೆ?"

ಮಠದ ಹಜಾರಕ್ಕೆ ಬಂದ ಷಡಕ್ಷರಿ ನಮಸ್ಕಾರವನ್ನೂ ಪ್ರಶ್ನೆಯನ್ನೂ ಒಂದೇ ಉಸಿರಿನಲ್ಲಿ ಮುಗಿಸಿದ. ಅವನ ಕೈಯಲ್ಲಿ ಹೊಸ ಕಾರಿನ ಕೀಗೊಂಚಲು ಇತ್ತು. ಅದು ಒಂದೇ ಸಮನೆ ಗಲಗಲ ಅನ್ನುತ್ತಿತ್ತು.

"ಯಾವ ಗಾಲಿಯಪ್ಪ?" ಎಂದರು ಗುರುಗಳು.

"ಅಲಾಯ್ ವೀಲು ಬುದ್ಧಿ! ನಾಲ್ಕಕ್ಕೆ ನಾಲ್ಕೂ ಬೆಳ್ಳಿ ತಟ್ಟೆ ಇಟ್ಟ ಹಾಗಿವೆ. ಆದರೆ ಈ ಫುಟ್‌ಪಾತಿನ ಅಂಚುಗಲ್ಲು ಇದೆಯಲ್ಲ, ಅದು ಕಲ್ಲಲ್ಲ, ಗರಗಸ. ಒಂದು ಸಲ ಉಜ್ಜಿದರೆ ಮುಗೀತು. ರಬ್ಬರ್ ಬಳೆ ತೊಡಿಸು ಅಂತಾರೆ ಒಬ್ಬರು. ಎಡಗನ್ನಡಿ ಕೆಳಕ್ಕೆ ಬಗ್ಗಿಸು ಅಂತಾರೆ ಇನ್ನೊಬ್ಬರು. ನೀವು ಒಂದು ಮಾತು ಹೇಳಿಬಿಡಿ, ಹಾಗೇ ನಡಕೊಳ್ತೀನಿ."

"ದಾಕ್ಷಾಯಿಣಿ ಬರಲಿಲ್ಲವೆ?"

ದಾಕ್ಷಾಯಿಣಿ ಷಡಕ್ಷರಿಯ ಹೆಂಡತಿ.

"ಬಂದಿದ್ದಾಳೆ ಬುದ್ಧಿ, ಹೊರಗಿದ್ದಾಳೆ. ಕಾರು ನಿಲ್ಲಿಸುವಾಗ ಇಳಿಸಿದೆ, ಕಲ್ಲು ಎಷ್ಟು ದೂರ ಅಂತ ನೋಡಿ ಹೇಳಲಿ ಅಂತ. ಈಗ ಅಲ್ಲೇ ನಿಂತು ಕಾಯ್ತಿದ್ದಾಳೆ. ಯಾರಾದರೂ ಸೈಕಲ್ ತಂದು ಒರಗಿಸಿಬಿಟ್ಟರೆ?"

ಗುರುಗಳು ಬಾಗಿಲಿನ ಕಡೆ ನೋಡಿದರು.

"ಕೂತುಕೋ," ಎಂದರು. "ಒಬ್ಬ ವ್ಯಾಪಾರಿಯ ಕತೆ ಹೇಳುತ್ತೇನೆ."

ಒಬ್ಬ ವ್ಯಾಪಾರಿ ಇದ್ದ. ಬಹಳ ವರ್ಷ ಆಸೆಪಟ್ಟು ಒಂದು ಕಾರು ಕೊಂಡ. ಕಾರಿಗಿಂತ ಅದರ ಗಾಲಿಗಳ ಮೇಲೆ ಅವನಿಗೆ ಪ್ರೀತಿ. ವಾಹನಪೂಜೆಯ ದಿನ ಪುರೋಹಿತರು ಕುಂಕುಮದ ಬಟ್ಟಲು ಹಿಡಿದು ಗಾಲಿಯ ಮುಂದೆ ಬಗ್ಗಿದರು. ವ್ಯಾಪಾರಿ ಅಡ್ಡ ಬಂದ. "ಅಲ್ಲಿ ಬೇಡ ಸ್ವಾಮಿ, ಕಲೆಯಾಗುತ್ತೆ. ನನ್ನ ಹಣೆಗೇ ಇಟ್ಟುಬಿಡಿ, ಗಾಲಿಗೆ ನಾನೇ ತಲುಪಿಸ್ತೀನಿ" ಎಂದ. ಪುರೋಹಿತರು ಅವನ ಹಣೆಗೇ ಇಟ್ಟರು. ನಾಲ್ಕು ಗಾಲಿಗೆ ನಾಲ್ಕು ಸಲ.

ಅವನಿದ್ದ ಊರಿನಲ್ಲಿ ಎಲ್ಲ ಬೀದಿಗೂ ಹೊಸ ಫುಟ್‌ಪಾತ್ ಆಗಿತ್ತು. ಅಂಚಿಗೆ ಒರಟು ಕಲ್ಲು. ವ್ಯಾಪಾರಿ ಒಂದು ನಿಯಮ ಮಾಡಿದ. ಎಲ್ಲಿಗೇ ಹೋಗಲಿ, ಕಾರು ನಿಲ್ಲಿಸುವ ಮೊದಲು ಹೆಂಡತಿ ಇಳಿಯಬೇಕು. ಕಲ್ಲಿನ ಮೇಲೆ ನಿಲ್ಲಬೇಕು. ಗಾಲಿಗೂ ಕಲ್ಲಿಗೂ ನಡುವೆ ನಾಲ್ಕು ಬೆರಳು ಉಳಿದಾಗ ಕೈ ಎತ್ತಬೇಕು.

ಹೆಂಡತಿ ನಿಂತಳು. ಮದುವೆಮನೆಯ ಮುಂದೆ ರೇಷ್ಮೆ ಸೀರೆಯಲ್ಲಿ ನಿಂತಳು. ತರಕಾರಿ ಮಾರುಕಟ್ಟೆಯ ಮುಂದೆ ಚೀಲ ಹಿಡಿದು ನಿಂತಳು. ಮಳೆಯಲ್ಲಿ ಕೊಡೆ ಹಿಡಿದು ನಿಂತಳು. ಕೊಡೆ ಗಾಲಿಯ ಕಡೆಗೆ ಸ್ವಲ್ಪ ಓರೆಯಾಗಿರಲಿ ಎಂದು ಅವನು ಒಳಗಿನಿಂದ ಹೇಳಿದ. ದಾರಿಹೋಕರು ಅವಳನ್ನು ನೋಡಿ, ಪಾಪ, ಬಸ್ಸಿಗೆ ಕಾಯುತ್ತಿದ್ದಾಳೆ ಎಂದುಕೊಂಡರು.

ಒಂದು ದಿನ ಅವಳು ಕೇಳಿದಳು. "ಒಂದು ಸಲ ನಾನು ಓಡಿಸ್ಲಾ?"

ವ್ಯಾಪಾರಿ ನಕ್ಕ. "ನಿನ್ನ ಕೈಗೆ ಕೊಡೋದೂ ಒಂದೇ, ಹೋಗಿ ಕಲ್ಲಿಗೆ ತಿಕ್ಕೋದೂ ಒಂದೇ."

ಅವಳು ಮತ್ತೆ ಕೇಳಲಿಲ್ಲ. ಮದುವೆಗೆ ಮುಂಚೆ ತವರಿನಲ್ಲಿ ಅಣ್ಣನ ಜೀಪು ಓಡಿಸಿದವಳು ಅವಳು. ಅದು ಗಂಡನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರಲು ಕಾರಣ ಸುಲಭದ್ದು. ಅವನು ಕೇಳಿರಲಿಲ್ಲ.

ಅವರಿಗೆ ಒಬ್ಬಳು ಮಗಳು. ಶಾಲೆಯ ಖೋ ಖೋ ತಂಡದಲ್ಲಿದ್ದಳು. ಆ ವರ್ಷ ತಂಡ ಗೆದ್ದು ಗೆದ್ದು ಕೊನೆಯ ಪಂದ್ಯಕ್ಕೆ ಬಂತು. ಪಂದ್ಯ ಮೂವತ್ತು ಮೈಲಿ ದೂರದ ಊರಿನಲ್ಲಿ, ಹನ್ನೊಂದು ಗಂಟೆಗೆ. ಹುಡುಗಿ ಹಿಂದಿನ ದಿನವೇ ತಂಡದ ಜೊತೆ ಹೊರಟಳು. ಹೊರಡುವಾಗ ತಾಯಿಯ ಎರಡೂ ಕೈ ಹಿಡಿದುಕೊಂಡಳು. "ಅಮ್ಮ, ಒಂದು ಪಂದ್ಯಕ್ಕೂ ನೀನು ಬಂದಿಲ್ಲ. ಮುಂದಿನ ವರ್ಷ ನಾನು ಈ ಶಾಲೇಲೇ ಇರಲ್ಲ. ಇದೊಂದಕ್ಕೆ ಬಾ."

"ಬಂದೇ ಬರ್ತೀನಿ," ಎಂದಳು ತಾಯಿ. "ನಾನು ಕರ್ಕೊಂಡು ಬರ್ತೀನಿ," ಎಂದ ತಂದೆ.

ಅಂದು ಸಂಜೆ ವ್ಯಾಪಾರಿ ಅಂಗಡಿಯ ಮುಂದೆ ಕಾರು ನಿಲ್ಲಿಸುತ್ತಿದ್ದ. ಬೀದಿ ಇಳಿಜಾರು. ಹೆಂಡತಿ ಕಲ್ಲಿನ ಮೇಲಿಂದ ಕೈ ಎತ್ತಿದಳು. "ಸಾಕು, ಮೂರು ಬೆರಳಿದೆ."

"ಮೂರೇ? ನಾಲ್ಕಿರಬೇಕಲ್ಲ!"

ಅವನಿಗೆ ನಂಬಿಕೆ ಬರಲಿಲ್ಲ. ಅವಸರದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದನ್ನು ಮರೆತು ಇಳಿದ. ಬಗ್ಗಿ ಗಾಲಿಗೂ ಕಲ್ಲಿಗೂ ನಡುವೆ ಬೆರಳಿಟ್ಟು ಅಳೆದ. ಮುಂದಿನ ಗಾಲಿ ಕಲ್ಲಿನ ಕಡೆ ತಿರುಗಿತ್ತು. ಕಾರು ಮೆಲ್ಲಗೆ ಜಾರತೊಡಗಿತು. ಕೈ ತೆಗೆಯಬಹುದಿತ್ತು. ತೆಗೆದರೆ ಗಾಲಿ ಕಲ್ಲಿಗೆ ತಾಗುತ್ತಿತ್ತು. ಅವನು ತೆಗೆಯಲಿಲ್ಲ.

ಹೆಂಡತಿ ಕಲ್ಲಿನಿಂದ ಹಾರಿ, ಕಾರಿನೊಳಗೆ ನುಗ್ಗಿ, ಬ್ರೇಕ್ ಎಳೆದಳು. ಗಾಲಿಗೆ ಒಂದು ಗೆರೆಯೂ ಬೀಳಲಿಲ್ಲ. ವ್ಯಾಪಾರಿಯ ಮೂರು ಬೆರಳಿಗೆ ಪಟ್ಟಿ ಬಿತ್ತು. ಅಲ್ಲಿಗೆ ಎಷ್ಟು ಬೆರಳು ಎಂಬ ಲೆಕ್ಕವೂ ಇತ್ಯರ್ಥವಾಯಿತು. ನೋಡಲು ಬಂದ ನೆಂಟರಿಗೆಲ್ಲ ಅವನು ಮೊದಲು ಗಾಲಿ ತೋರಿಸಿದ. ಆಮೇಲೆ ಕೈ.

ಬೆಳಗಾಯಿತು. ಪಟ್ಟಿ ಕಟ್ಟಿದ ಕೈಯಲ್ಲಿ ವ್ಯಾಪಾರಿ ಕಾರು ಓಡಿಸುವ ಹಾಗಿರಲಿಲ್ಲ. ಬೆಳಗಿನ ಬಸ್ಸು ಕೆಟ್ಟು ನಿಂತಿದೆ ಎಂದು ಸುದ್ದಿ ಬಂತು. ಮುಂದಿನ ಬಸ್ಸಿಗೆ ಹೊರಟರೆ ಪಂದ್ಯ ಮುಗಿದ ಮೇಲೆ ತಲುಪಬೇಕು. ಪಕ್ಕದ ಮನೆಯವರು ತಮ್ಮ ಡ್ರೈವರನನ್ನು ಕಳಿಸುತ್ತೇವೆ ಎಂದರು. "ಬೇಡ, ಅವನು ಫೋನ್ ನೋಡಿಕೊಂಡು ಓಡಿಸ್ತಾನೆ, ಅವನಿಗೆ ಕಲ್ಲು ಕಾಣಲ್ಲ," ಎಂದ ವ್ಯಾಪಾರಿ. ಗಡಿಯಾರ ಹತ್ತು ತೋರಿಸಿತು.

ಹೆಂಡತಿ ಒಳಗೆ ಹೋದಳು. ಬೀರು ತೆಗೆದ ಸದ್ದಾಯಿತು. ಮದುವೆ ಸೀರೆಯ ಮಡಿಕೆಯಿಂದ ಒಂದು ಕಾರ್ಡು ತಂದು ಗಂಡನ ಮುಂದೆ ಹಿಡಿದಳು.

"ಏನೇ ಇದು?"

"ಲೈಸೆನ್ಸು."

"ಯಾರದು?"

"ಫೋಟೋ ನೋಡಿ. ಹೋದ ವರ್ಷವೇ ಹೊಸದು ಮಾಡಿಸಿಕೊಂಡು ಬಂದೆ. ಕೀ ಕೊಡಿ. ಮಗಳು ಕಾಯ್ತಾ ಇದ್ದಾಳೆ."

ವ್ಯಾಪಾರಿ ಕೀ ಕೊಡಲಿಲ್ಲ. ಅವಳು ಅವನ ಪಟ್ಟಿ ಕಟ್ಟಿದ ಕೈಯಿಂದ ನೋವಾಗದ ಹಾಗೆ ಬಿಡಿಸಿಕೊಂಡಳು.

ಕಾರು ಹೊರಟಿತು. ವ್ಯಾಪಾರಿ ಪಕ್ಕದಲ್ಲಿ ಕೂತು ಗೊತ್ತಿರುವ ದೇವರನ್ನೆಲ್ಲ ಕರೆದ. ಗೊತ್ತಿಲ್ಲದ ಕೆಲವರನ್ನೂ ಕರೆದ. ಊರು ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂತು. ಅವನು ಕಣ್ಣು ಮುಚ್ಚಿದ. ತೆರೆದಾಗ ಟ್ರ್ಯಾಕ್ಟರ್ ಹಿಂದಿತ್ತು. ಇನ್ನೊಂದು ಬಂತು. ಈ ಸಲ ಒಂದೇ ಕಣ್ಣು ಮುಚ್ಚಿದ. ಮೂರನೆಯದು ಕಂಡಾಗ ಅವನೇ ಕೂಗಿದ: "ಹಾರನ್ ಹೊಡಿ! ಹಾಕು, ಇವನನ್ನೂ ಹಿಂದೆ ಹಾಕು!"

ಅವಳು ಹಾಕಿದಳು. ಮದುವೆಯಾದ ಮೇಲೆ ಇಬ್ಬರೂ ಒಟ್ಟಿಗೆ ಅಷ್ಟು ನಕ್ಕಿದ್ದು ಅದೇ ಮೊದಲು.

ಹನ್ನೊಂದಕ್ಕೆ ಮೂರು ನಿಮಿಷ ಇರುವಾಗ ಮೈದಾನ ಸಿಕ್ಕಿತು. ಒಳಗಿನಿಂದ ಮಕ್ಕಳ ಕೇಕೆ. ಹೊರಗೆ ಬೀದಿ ತುಂಬ ಗಾಡಿಗಳು. ಒಂದು ಟೆಂಪೋಗೂ ಕಬ್ಬಿನಹಾಲಿನ ಗಾಡಿಗೂ ನಡುವೆ ಒಂದೇ ಒಂದು ಜಾಗ. ಅಲ್ಲಿಯ ಅಂಚುಗಲ್ಲು ತಮ್ಮ ಊರಿನದಕ್ಕಿಂತ ಒಂದು ಗೇಣು ಎತ್ತರ.

ವ್ಯಾಪಾರಿಯ ನಗು ನಿಂತಿತು. "ತಡಿ ತಡಿ, ನಾನು ಇಳಿದು ಕಲ್ಲಿನ ಮೇಲೆ ನಿಲ್ತೀನಿ. ಕಲ್ಲು ಎಲ್ಲಿದೆ ಅಂತ ಒಳಗೆ ಕೂತ ನಿನಗೆ ಹೇಗೆ ತಿಳಿಯುತ್ತೆ?"

"ಒಂದು ವರ್ಷದಿಂದ ಅದನ್ನೇ ನೋಡ್ತಾ ನಿಂತಿದ್ದೀನಿ," ಎಂದಳು ಅವಳು. "ಕೂತ್ಕೊಳ್ಳಿ."

ಒಂದು ಸಲ ಕನ್ನಡಿ ನೋಡಿದಳು. ಹಿಂದಕ್ಕೆ ಬಿಟ್ಟಳು. ಸ್ಟೀರಿಂಗ್ ತಿರುಗಿಸಿದಳು, ನೇರ ಮಾಡಿದಳು, ನಿಲ್ಲಿಸಿದಳು, ಹ್ಯಾಂಡ್‌ಬ್ರೇಕ್ ಎಳೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈದಾನದ ಕಡೆ ಓಡಿದಳು.

ವ್ಯಾಪಾರಿಗೆ ತಡೆಯಲಾಗಲಿಲ್ಲ. ಗಾಲಿ ನೋಡಬೇಕೆಂದು ತನ್ನ ಕಡೆಯ ಬಾಗಿಲನ್ನು ರಪ್ಪನೆ ತೆರೆದ. ಬಾಗಿಲಿನ ಕೆಳಗಿನ ಅಂಚು ಎತ್ತರದ ಕಲ್ಲಿಗೆ ಬಡಿದು ಕರ್ರ್ ಎಂದಿತು. ಒಂದು ಅಂಗೈ ಅಗಲ ಬಣ್ಣ ಕಿತ್ತುಬಂತು. ಆ ಕಾರಿಗೆ ಬಿದ್ದ ಮೊದಲ ಗಾಯ ಅದು. ಮಾಡಿದವನು ಅವನು.

ಅವನು ಬಗ್ಗಿ ನೋಡಿದ. ಗಾಲಿಗೆ ಏನೂ ಆಗಿರಲಿಲ್ಲ. ಗಾಲಿಗೂ ಕಲ್ಲಿಗೂ ನಡುವೆ ನಾಲ್ಕು ಬೆರಳು. ಅಳೆಯೋಣವೆಂದರೆ ಬೆರಳಿಗೆ ಪಟ್ಟಿ. ಆದರೂ ನಾಲ್ಕೇ ಎಂದು ಅವನಿಗೆ ಗೊತ್ತಾಯಿತು.

ಅಷ್ಟರಲ್ಲಿ ಒಳಗೆ ಸೀಟಿ ಊದಿದರು. "ಅಮ್ಮಾ!" ಎಂದು ಒಂದು ಕೂಗು ಕೇಳಿತು. ಅದು ಅವನ ಮಗಳ ಗಂಟಲು. ವ್ಯಾಪಾರಿ ಬಾಗಿಲು ಮುಚ್ಚುವುದನ್ನೂ ಮರೆತು ಓಡಿದ.

ಗುರುಗಳು ಕತೆ ನಿಲ್ಲಿಸಿದರು. ಷಡಕ್ಷರಿ ಮಂಡಿಯ ಮೇಲೆ ಮುಂದಕ್ಕೆ ಸರಿದುಬಿಟ್ಟಿದ್ದ. ಕೀಗೊಂಚಲು ಇನ್ನೂ ಜೋರಾಗಿ ಗಲಗಲ ಅನ್ನುತ್ತಿತ್ತು.

"ಒಂದೇ ಸಲಕ್ಕೆ ನಾಲ್ಕು ಬೆರಳು! ಅದೂ ಯಾರೂ ತೋರಿಸದೆ! ಅದೇ ಬುದ್ಧಿ, ನನಗೆ ಬೇಕಾಗಿರುವುದು ಅದೇ. ಆ ವಿದ್ಯೆ ಯಾರ ಹತ್ತಿರ ಕಲಿಯಲಿ?"

"ಹೊರಗೆ ಕಲ್ಲಿನ ಮೇಲೆ ನಿಲ್ಲಿಸಿ ಬಂದಿದ್ದೀಯಲ್ಲ," ಎಂದರು ಗುರುಗಳು, "ಅವಳನ್ನು ಕೇಳು."

ಕೀಗೊಂಚಲು ಸುಮ್ಮನಾಯಿತು.